ಆಸಿಗೆ ಅಂಕಲ್

"ಇನ್ನೊಂದ್ಸಲ ಹೇಳಪ್ಪ. ಸ್ವಲ್ಪ ಜೋರಾಗಿ," ಎನ್ನುತ್ತ ಮಗಳು ಫೋನನ್ನು ಅಪ್ಪನ ಮುಖಕ್ಕೆ ಇನ್ನಷ್ಟು ಹತ್ತಿರ ತಂದಳು.

ಹಾಸಿಗೆ ಅಂಗಡಿಯವನು ಗಂಟಲು ಸರಿಮಾಡಿಕೊಂಡ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಕಿವಿಯ ಹಿಂದೆ ಮಾತ್ರ ಒಂದು ಚೂರು ಹತ್ತಿ ಅಂಟಿಕೊಂಡಿತ್ತು. ಮಗಳು ಅದನ್ನು ನೋಡಿದರೂ ತೆಗೆಯಲಿಲ್ಲ. ಅದು ಇದ್ದರೇ ವಿಡಿಯೋಗೆ ಚೆಂದ.

"ಅಳೆ ಅತ್ತಿ, ಒಸ ಆಸಿಗೆ! ಆಯಾಗಿ ಒರಳಾಡಿ!"

"ಸೂಪರ್!" ಎಂದಳು ಮಗಳು. ಅಪ್ಪನ ಮುಖ ಊರಗಲವಾಯಿತು. ಅವಳು ಬರೆದುಕೊಟ್ಟ ಚೀಟಿಯಲ್ಲಿ ಒಂದೊಂದು ಮಾತೂ ಹಕಾರದಿಂದಲೇ ಶುರುವಾಗುತ್ತಿತ್ತು. ಬರೆದವಳಿಗೆ ಅದು ಗೊತ್ತಿತ್ತು, ಓದಿದವನಿಗೆ ಗೊತ್ತಿರಲಿಲ್ಲ.

ಅವನ ನಾಲಿಗೆಯಲ್ಲಿ ಹಕಾರ ಎಂಬುದೇ ಇರಲಿಲ್ಲ. ಹೋಗು ಎನ್ನುವುದು ಓಗು, ಹೇಳು ಎನ್ನುವುದು ಏಳು. ಯಾರಾದರೂ ಸುಮ್ಮನೆ ಕೂತಿದ್ದಾಗ 'ಏಳಿ' ಎಂದರೆ ಅವರು ಎದ್ದು ನಿಲ್ಲುತ್ತಿದ್ದದ್ದೂ ಉಂಟು. ಗಿರಾಕಿಗಳು ತಲೆ ಕೆಡಿಸಿಕೊಂಡವರಲ್ಲ. ಅವನು ಹತ್ತಿ ಹಿಂಜಿ, ಮೂಲೆ ಮೂಲೆಗೂ ಒಂದೇ ಸಮ ತುಂಬಿ, ದಬ್ಬಳದಲ್ಲಿ ಹೊಲಿದುಕೊಟ್ಟ ಹಾಸಿಗೆಯ ಮೇಲೆ ಮಲಗಿದವರಿಗೆ ಅವನ ವ್ಯಾಕರಣ ಕಟ್ಟಿಕೊಂಡು ಏನಾಗಬೇಕಿತ್ತು? ತಲೆ ಕೆಡಿಸಿಕೊಂಡವಳು ಮಗಳೊಬ್ಬಳೇ. ಸಣ್ಣವಳಿದ್ದಾಗ ಶಾಲೆಯ ಬಾಗಿಲಲ್ಲಿ ನಿಂತು ಅವನು "ಓಮ್‌ವರ್ಕ್ ಬರ್ಕೊಂಡ್ಯಾ?" ಎಂದು ಕೂಗಿದ್ದಕ್ಕೆ ಜೊತೆಯ ಹುಡುಗಿಯರು ವಾರಗಟ್ಟಲೆ ನಕ್ಕಿದ್ದರು. ಆಮೇಲೆ ಅವಳು, "ನಾನೇ ಬರ್ತೀನಿ, ನೀನು ಆ ತಿರುವಿನ ಹತ್ರ ನಿಂತ್ಕೋ," ಎಂದಳು. ಮಗಳು ದೊಡ್ಡವಳಾದಳು ಎಂದು ಅವನು ಹಿಗ್ಗಿದ. ಪಾಪದವನು.

ಈಗ ಆ ನಾಲಿಗೆಯೇ ಅಂಗಡಿಯನ್ನು ಉಳಿಸುತ್ತದೆ ಎಂದು ಅವಳು ನಂಬಿದ್ದಳು. ಎದುರಿನ ಸಾಲಿನಲ್ಲಿ ದೊಡ್ಡ ಫೋಮ್ ಅಂಗಡಿ ಬಂದ ಮೇಲೆ ಇಲ್ಲಿಗೆ ಬರುವವರು ಕಡಿಮೆಯಾಗಿದ್ದರು. ಹಿಂಗೇ ಆದರೆ ಬಾಗಿಲು ಹಾಕಬೇಕಾಗುತ್ತದೆ ಎಂದು ಅವಳು ಅಂಗಡಿಯ ಹೆಸರಲ್ಲಿ ಒಂದು ಪೇಜ್ ತೆರೆದಳು. ಮೊದಮೊದಲು ಮರ್ಯಾದೆಯಾಗಿಯೇ ಹಾಕಿದಳು: ಹತ್ತಿಯ ಫೋಟೋ, ಹೊಲಿಗೆಯ ಫೋಟೋ, ಬೆನ್ನುನೋವಿಗೆ ಎಂಥ ಹಾಸಿಗೆ ಒಳ್ಳೆಯದು ಎಂಬ ನಾಲ್ಕು ಮಾತು. ಒಂದು ನರಪಿಳ್ಳೆಯೂ ನೋಡಲಿಲ್ಲ. ಒಂದು ದಿನ ಬೇಜಾರಲ್ಲಿ ಅಪ್ಪನ ಕೈಲೇ ಮಾತಾಡಿಸಿ ಹಾಕಿದಳು. ಮಾರನೆಯ ಬೆಳಿಗ್ಗೆ ಲಕ್ಷ ಜನ ನೋಡಿದ್ದರು. 'ಆಸಿಗೆ ಅಂಕಲ್' ಎಂಬ ಬಿರುದೂ ಬಂದಿತ್ತು. 'ಆಸಿಗೆ ಇದ್ದಷ್ಟು ಕಾಲು ಚಾಚು ಅಂಕಲ್' ಎಂದು ಯಾರೋ ಬರೆದಿದ್ದರು.

ಅವಳು ಪೇಜಿನ ಹೆಸರನ್ನೇ ಬದಲಾಯಿಸಿದಳು. ಅವನು ಕನ್ನಡಕ ಹಾಕಿಕೊಂಡು ಅದನ್ನು ಓದಿ ಹುಬ್ಬು ಗಂಟಿಕ್ಕಿದ.

"ತಪ್ಪಾಗಿದೆ ನೋಡಮ್ಮ. 'ಆಸಿಗೆ' ಅಂತ ಬರ್ದಿದ್ದೀಯ."

"ಮತ್ತೆ ಹೇಗೆ ಬರೀಬೇಕಿತ್ತು?"

"'ಆಸಿಗೆ' ಅಂತ!"

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಗುತ್ತಿದ್ದಾಳೆಂದು ಅವನೂ ನಕ್ಕ. ಅದೂ ರೆಕಾರ್ಡ್ ಆಗಿತ್ತು. ಎಲ್ಲಕ್ಕಿಂತ ಹೆಚ್ಚು ಓಡಿದ ವಿಡಿಯೋ ಅದೇ.

ಜನ ಬರತೊಡಗಿದರು. ಬಂದವರು ಹಾಸಿಗೆ ಒತ್ತಿ ನೋಡುತ್ತಿರಲಿಲ್ಲ, ಅವನ ಹೆಗಲ ಮೇಲೆ ಕೈಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಒಂದು ಜೋಡಿಗೆಂದು ಅವನು ಚೆನ್ನಾಗಿರುವ ಹಾಸಿಗೆಯ ಹೊಲಿಗೆಯನ್ನೇ ಬಿಚ್ಚಿ ಒಳಗಿನ ಹತ್ತಿ ತೋರಿಸಿದ. "ಇದು ಏನು ಅಂಕಲ್?" ಎಂದಳು ಹುಡುಗಿ. "ಅತ್ತಿ," ಎಂದ. ಅವರು ಕೇಳಲು ಬಂದದ್ದು ಅಷ್ಟೇ. ಬಿಚ್ಚಿದ ಹೊಲಿಗೆಯನ್ನು ಅವನು ಸಂಜೆಯವರೆಗೆ ಕೂತು ಮತ್ತೆ ಹಾಕಿದ. ಪೇಜಿನಲ್ಲಿ ನಗುವವರ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು, 'ಅಂಗಡಿ ಎಲ್ಲಿದೆ? ಮಲಗಿದಲ್ಲೇ ಇರೋ ಅಮ್ಮನಿಗೆ ಬೇಕಿತ್ತು,' ಎಂದು ಕೇಳುತ್ತಿದ್ದರು. ಅವಕ್ಕೆಲ್ಲ ಉತ್ತರ ಕೊಡುತ್ತ ಕೂರಲು ಮಗಳಿಗೆ ಪುರಸೊತ್ತಿರಲಿಲ್ಲ. ನಾಳೆಗೆ ಇನ್ನೊಂದಿಷ್ಟು ಹಕಾರ ಹುಡುಕಬೇಕಿತ್ತು.

ಪ್ರತಿವರ್ಷ ಪೇಟೆಯ ಲಾಡ್ಜೊಂದರ ಹಾಸಿಗೆಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹೊಲಿದುಕೊಡುವ ಕೆಲಸ ಅವನದೇ. ಅಂಗಡಿಯ ಅರ್ಧ ಬದುಕು ಅದರಿಂದಲೇ ನಡೆಯುತ್ತಿತ್ತು. ಈ ಸಲ ಕರೆ ಬರಲಿಲ್ಲವಲ್ಲ ಎಂದು ಅವನೇ ಹೋದ. ಒಳಗೆ ಕಾಲಿಡುವಾಗಲೇ ಇಬ್ಬರು ಆಳುಗಳು ಪ್ಲಾಸ್ಟಿಕ್ ಸುತ್ತಿದ ಫೋಮ್ ಹಾಸಿಗೆಯನ್ನು ಮೆಟ್ಟಿಲ ಮೇಲೆ ಹತ್ತಿಸುತ್ತಿದ್ದರು.

"ಓಹೋ, ಆಸಿಗೆ ಅಂಕಲ್! ಬನ್ನಿ ಬನ್ನಿ," ಎಂದ ಮ್ಯಾನೇಜರ್. ಪಕ್ಕದಲ್ಲಿ ಕೂತಿದ್ದ ಹುಡುಗಿ ಆಗಲೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು.

"ಇದೇನ್ ಸ್ವಾಮಿ, ನನಗೊಂದು ಮಾತು ಏಳ್ಲಿಲ್ಲ?"

"ಹೇಳಿದ್ದೆನಲ್ಲ! ನಿಮ್ಮ ಪೇಜಿಗೇ ಮೆಸೇಜ್ ಹಾಕಿದ್ದೆ, ಯಾವಾಗ ಬರ್ತೀರಿ ಅಂತ. ಒಂದು ನಗೋ ಮುಖ ಕಳಿಸಿದ್ರು, ಅಷ್ಟೆ." ಮ್ಯಾನೇಜರ್ ದನಿ ತಗ್ಗಿಸಿದ. "ನಮ್ಮ ಓನರ್ ನಿಮ್ಮ ವಿಡಿಯೋ ನೋಡಿ ಬಿದ್ದು ಬಿದ್ದು ನಕ್ಕರು. ಆಮೇಲೆ ಕಣ್ಣೊರೆಸ್ಕೊಂಡು, ಇಂಥ ಕಾಮಿಡಿಯವನ ಕೈಲಿ ಹಾಸಿಗೆ ಮಾಡಿಸೋದೇನ್ರೀ ಅಂದ್ರು."

"ಅದ್ರಲ್ಲಿ ಕಾಮಿಡಿ ಏನಿದೆ?"

ಮ್ಯಾನೇಜರ್ ಹುಡುಗಿಯ ಕಡೆ ಕಣ್ಣು ಮಿಟುಕಿಸಿದ. "ಹಣ್ಣು ಅನ್ನಿ."

"ಅಣ್ಣು."

"ಹೂವು ಅನ್ನಿ."

"ಊವು." ಹುಡುಗಿ ಮೇಜಿನ ಕೆಳಗೆ ಬಗ್ಗಿ ಏನೋ ಹುಡುಕುವವಳ ಹಾಗೆ ನಗುತ್ತಿದ್ದಳು. ಆಳುಗಳೂ ಮೆಟ್ಟಿಲಲ್ಲಿ ನಿಂತಿದ್ದರು.

"ನಿಮ್ಮ ಬಾಯಲ್ಲಿ ಹ ಬರಲ್ಲ ಅಂಕಲ್, ಅ ಬರತ್ತೆ. ಜನ ನಗೋದು ಅದಕ್ಕೇ. ಅಯ್ಯೋ, ಇಷ್ಟು ದಿನವೂ ಗೊತ್ತಿರ್ಲಿಲ್ವಾ?"

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಅವನಿಗೆ ಹೋದ ಬಣ್ಣದ ಲೆಕ್ಕ ಆವತ್ತೇ ಸಿಕ್ಕಿದ್ದು. ಸೆಲ್ಫಿಗೆ ಬಂದ ಒಂದೊಂದು ಮುಖವೂ ನೆನಪಾಗಿ ದಾರಿಯುದ್ದಕ್ಕೂ ಕಿವಿ ಕಾದವು.

ಅಂಗಡಿಯ ಹಿಂದಿನ ಕೋಣೆಯೇ ಮನೆ. ಹೆಂಡತಿ ದಿಂಬಿನ ಚೀಲ ಹೊಲಿಯುತ್ತಿದ್ದಳು.

"ನಿಂಗೆ ಗೊತ್ತಿತ್ತಾ? ಜನ ಯಾಕ್ ನಗ್ತಾರೆ ಅಂತ?"

ಅವಳು ತಲೆ ಎತ್ತಲಿಲ್ಲ. "ಗೊತ್ತಿತ್ತು."

"ಏಳ್ಬಾರ್ದಿತ್ತಾ?"

"ಇಸ್ತ್ರಿ ಅಂಗಿ ಹಾಕ್ಕೊಂಡು ಮದುಮಗನ ಹಾಗೆ ಓಡಾಡ್ತಿದ್ರಿ. ಯಾವ ಬಾಯಲ್ಲಿ ಹೇಳ್ಲಿ? ಮೊದಲೇ ನಗೋರ ಮುಂದೆ ಎಡವಿ ಬಿದ್ದ ಹಾಗಾಗಿತ್ತು."

"ಮಗಳಿಗೂ?"

"ಚೀಟಿ ಬರೆಯೋಳು ಯಾರು?" ಎಂದಳು ಹೆಂಡತಿ. ಊರು ನಕ್ಕಿದ್ದನ್ನು ಹೇಗೋ ನುಂಗಬಹುದಿತ್ತು, ಇದನ್ನು ಅವನಿಂದ ನುಂಗಲಾಗಲಿಲ್ಲ.

ಆದರೆ ಹೆತ್ತ ಕರುಳು ತನಗೆ ಬೇಕಾದ ಅರ್ಥವನ್ನೇ ಹುಡುಕಿಕೊಳ್ಳುತ್ತದೆ. ಮಗಳದೇನು ತಪ್ಪು, ತನ್ನ ನಾಲಿಗೆ ನೆಟ್ಟಗಿದ್ದಿದ್ದರೆ ಅವಳೂ ನೆಟ್ಟಗಿನ ವಿಡಿಯೋ ಮಾಡುತ್ತಿದ್ದಳು, ಲಾಡ್ಜಿನವರೂ ಕರೆಯುತ್ತಿದ್ದರು ಎಂದುಕೊಂಡ. "ಹ ಅನ್ನೋವಾಗ ಗಾಳಿ ಬರಬೇಕು," ಎಂದು ಹೆಂಡತಿ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ತೋರಿಸಿದಳು. ಅವನು ತನ್ನ ಅಂಗೈ ಮೇಲೆ ಒಂದು ಎಳೆ ಹತ್ತಿ ಇಟ್ಟುಕೊಂಡ. ಅ ಎಂದರೆ ಹತ್ತಿ ಸುಮ್ಮನೆ ಕೂತಿರುತ್ತಿತ್ತು. ಹ ಎಂದರೆ ಎದ್ದು ಹಾರಬೇಕು.

ಮಗಳು ಹೊರಗೆ ಹೋದಾಗಲೆಲ್ಲ ಅಭ್ಯಾಸ. ಓಡಿ ಬಂದ ನಾಯಿಯಂತೆ ಅವನು ಏದುವುದನ್ನು ಕೇಳಿ ಪಕ್ಕದ ಅಂಗಡಿಯವನು ಉಬ್ಬಸವೇ ಎಂದು ವಿಚಾರಿಸಿದ. ಒಂದು ಮಧ್ಯಾಹ್ನ ಅವನು ತಟ್ಟೆಯ ಮುಂದೆ ಕೂತು ಗಂಭೀರವಾಗಿ, "ಹೂಟ ಹಾಕು," ಎಂದ. ಹೆಂಡತಿ ಸೌಟು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನೂ ನಕ್ಕ. ಆ ನಗೆಯಲ್ಲಿ ನೋವಿರಲಿಲ್ಲ. ಆಮೇಲೆ ಒಂದು ದಿನ ಹತ್ತಿ ಅಂಗೈಯಿಂದ ಹಾರಿ ಅವಳ ತಲೆಯ ಮೇಲೆ ಕೂತಿತು.

ಮಗಳು ಹೊಸ ಚೀಟಿಯೊಂದಿಗೆ ಬಂದ ದಿನ ಅವಳ ಹಿಂದೆಯೇ ಎದುರಿನ ಅಂಗಡಿಯ ಆಳುಗಳು ಒಂದು ಫೋಮ್ ಹಾಸಿಗೆಯನ್ನು ತಂದು ಗೋಡೆಗೆ ಒರಗಿಸಿ ಹೋದರು. "ಇದ್ರ ಮುಂದೆ ನಿಂತ್ಕೊಂಡು ಹೇಳಪ್ಪ. ಎಲ್ಲಾ ಆಮೇಲೆ ಹೇಳ್ತೀನಿ," ಎಂದಳು. ಅವಳ ಮುಖದಲ್ಲಿ ಇಂಥ ಕಳೆ ಅವನು ನೋಡಿ ಬಹಳ ಕಾಲವಾಗಿತ್ತು. ಅವನು ಅಂಗೈಯಲ್ಲಿ ಹತ್ತಿ ಇಟ್ಟುಕೊಂಡು, ಕೈಯನ್ನು ಬಾಯಿಯ ಹತ್ತಿರಕ್ಕೆ ಹಿಡಿದು, ಫೋನನ್ನು ದಿಟ್ಟಿಸಿ, ಉಸಿರು ತುಂಬಿಕೊಂಡು ಓದಿದ.

"ಹಳೆ ಹತ್ತಿ ಹಾಸಿಗೆ ಹೊರಗೆ ಹಾಕಿ!"

ಒಂದೂ ತಪ್ಪಲಿಲ್ಲ. ಹತ್ತಿ ಹಾರಿ ನೆಲಕ್ಕೆ ಬಿತ್ತು. ಅವನಿಗೆ ಚೀಟಿಯ ಅರ್ಥವೂ ಹೊಳೆದಿರಲಿಲ್ಲ, ಅಷ್ಟು ಸಂತೋಷ. "ಹೇಗಿದೆ?" ಎಂದ.

ಮಗಳು ಫೋನ್ ಇಳಿಸಿದ್ದಳು. "ಯಾರಪ್ಪ ಇದನ್ನ ಕಲಿಸಿದ್ದು ನಿಂಗೆ?"

"ನಾನೇ ಕಲಿತೆ. ಇನ್ನು ಯಾರೂ ನಗಲ್ಲ."

"ಹೌದು, ಯಾರೂ ನಗಲ್ಲ! ಯಾರೂ ನೋಡೋದೂ ಇಲ್ಲ!" ಅವಳ ದನಿ ಒಡೆಯಿತು. "ಅಪ್ಪ, ಎದುರಿನ ಅಂಗಡಿಯವರು ನನಗೆ ಅಲ್ಲಿ ಕೆಲಸ ಕೊಡ್ತಿದಾರೆ. ಈ ವಿಡಿಯೋ ಓಡಿದ್ರೆ. ಅವರಿಗೆ ಬೇಕಾಗಿರೋದು ಹಾಸಿಗೆ ಅಲ್ಲ, ಆಸಿಗೆ. ಸರಿಯಾಗಿ ಮಾತಾಡೋ ಅಪ್ಪ ಎಲ್ಲರ ಮನೇಲೂ ಇದಾರೆ."

ಅವನು ಚೀಟಿಯನ್ನು ಇನ್ನೊಮ್ಮೆ ಓದಿದ. ಈಗ ಅರ್ಥವಾಯಿತು. ಸುತ್ತಲಿನ ಗೋಡೆಗೆ ಎತ್ತರಕ್ಕೆ ಜೋಡಿಸಿದ್ದ ತನ್ನ ಹಾಸಿಗೆಗಳನ್ನು ನೋಡಿದ. ಅವುಗಳ ಮೇಲೇ ಈ ಮಗು ಹೊರಳಾಡಿ ಬೆಳೆದಿತ್ತು.

"ಇದು ನಮ್ಮ ಹಾಸಿಗೆ ಅಲ್ವೇನಮ್ಮ, ಹೊರಗೆ ಹಾಕಿ ಅನ್ನೋದು?"

"ಒಂದೇ ಒಂದ್ಸಲ. ಮೊದಲು ಹೇಳ್ತಿದ್ದೆಯಲ್ಲ, ಹಾಗೆ. ನಾನು ಯಾವತ್ತಾದ್ರೂ ನಿನ್ನ ಏನಾದ್ರೂ ಕೇಳಿದೀನಾ?"

ಕೇಳಿದ್ದಳು. ತಿರುವಿನ ಹತ್ತಿರ ನಿಂತ್ಕೋ ಎಂದು ಕೇಳಿದ್ದಳು. ಅವನು ಹೋಗಿ ನಿಂತಿದ್ದ.

ಅವನು ಬಗ್ಗಿ, ನೆಲಕ್ಕೆ ಬಿದ್ದ ಹತ್ತಿಯನ್ನು ಎತ್ತಿ ಮತ್ತೆ ಅಂಗೈ ಮೇಲೆ ಇಟ್ಟುಕೊಂಡ. ಹಿಂದಿನ ಕೋಣೆಯಲ್ಲಿ ಹೊಲಿಗೆಯ ಸದ್ದು ನಿಂತಿತ್ತು. ಮಗಳು ಫೋನ್ ಎತ್ತಿ ಹಿಡಿದಳು.

"ಅಳೆ ಅತ್ತಿ ಆಸಿಗೆ ಒರಗೆ ಆಕಿ," ಎಂದ.

"ಸೂಪರ್ ಅಪ್ಪ! ಜೋರಾಗಿ, ಇನ್ನೊಂದ್ಸಲ!"

ಅವನು ಜೋರಾಗಿ ಇನ್ನೊಂದು ಸಲ ಹೇಳಿದ. ಅಂಗೈ ಮೇಲಿನ ಹತ್ತಿ ಅಲುಗಲಿಲ್ಲ.