ತಡೆದುಕೊಳ್ಳುವ ಆಟ

“ಏನೇ, ಹೊಟ್ಟೇಲಿ ಕೆರೆ ಕಟ್ಸಿದ್ದೀಯಾ? ಬೆಳಗ್ಗೆ ತಾನೆ ಹೋಗಿದ್ದೆಯಲ್ಲೇ!”

ಸೂಪರ್‌ವೈಸರ್ ಇದನ್ನು ಇಡೀ ಸಾಲಿಗೆ ಕೇಳುವಂತೆ ಕೂಗಿ ಹೇಳಿದ. ಅಂಗಿಗಳಿಗೆ ಕಾಜಾ ಹಾಕುವ ಅಕ್ಕ ಕಾಲು ಬಿಗಿಹಿಡಿದು ನಿಂತಿದ್ದಳು. ಅವನ ಕೊರಳಲ್ಲಿ ದಾರಕ್ಕೆ ಕಟ್ಟಿದ ಹಿತ್ತಾಳೆ ಬಿಲ್ಲೆ ನೇತಾಡುತ್ತಿತ್ತು. ಆ ಬಟ್ಟೆ ಕಾರ್ಖಾನೆಯಲ್ಲಿ ಕಕ್ಕಸಿಗೆ ಹೋಗಬೇಕಾದರೆ ಬಿಲ್ಲೆ ಬೇಕು. ಒಂದು ಸಾಲಿಗೆಲ್ಲ ಒಂದೇ ಬಿಲ್ಲೆ.

“ಉರಿ ಸಾರ್. ಡಾಕ್ಟ್ರು ತಡ್ಕೋಬೇಡ ಅಂದಿದ್ದಾರೆ.”

“ಡಾಕ್ಟ್ರು ಬಂದು ಕಾಜಾ ಹಾಕ್ತಾನಾ? ಹೋಗೇ ಮುಂಡೇದೇ, ಕೂತ್ಕೋ.”

ನೀರು ಚೆನ್ನಾಗಿ ಕುಡಿ, ಬಂದಾಗ ಹೋಗು, ಇನ್ನೊಂದು ಸಲ ಹೀಗಾದರೆ ಕಿಡ್ನಿಗೇ ಏಟು ಎಂದಿದ್ದರು ಡಾಕ್ಟರು. ಹೋಗಲು ಬಿಡದ ಮೇಲೆ ಕುಡಿಯುವುದು ಹೇಗೆ? ಅಕ್ಕ ಬೆಳಗಿನಿಂದ ತುಟಿಗೆ ಹನಿ ನೀರು ತಾಗಿಸಿರಲಿಲ್ಲ. ಪಕ್ಕದ ಮಿಷನ್ನಿನಲ್ಲಿ ಕಾಲರ್ ಹೊಲಿಯುವ ನಾದಿನಿ ತಲೆ ಎತ್ತದೆ ಪಿಸುಗುಟ್ಟಿದಳು: “ಸ್ವಲ್ಪ ತಡ್ಕೋ ಅತ್ತಿಗೆ. ಆಟದ ಕ್ಲಾಸ್ ಹೊತ್ತಾಯ್ತು, ಆಗ ಹೋಗ್ಬಹುದು.”

ಆಟದ ಕ್ಲಾಸು ಕಾರ್ಖಾನೆಯ ಸಾಹೇಬರು ಮನಸಾರೆ ತಂದದ್ದೇನಲ್ಲ. ಅಂಗಿ ಕೊಳ್ಳುವ ದೊಡ್ಡ ಕಂಪನಿಯವರು, ಕೆಲಸದವರಿಗೆ ಏನಾದರೂ ಕಲಿಸಿ ಎಂದು ಬೆನ್ನು ಹತ್ತಿದ್ದರು. ಹಾಗಾಗಿ ಒಬ್ಬ ಮೇಡಂ ಬಂದಳು. ಜನರ ಕಷ್ಟಗಳ ಮೇಲೆ ಆಟ ಕಟ್ಟುವುದನ್ನು ಅವಳು ಕಲಿಸುತ್ತಿದ್ದಳು. ಸಾಹೇಬರು ಕೊಟ್ಟ ವಿಷಯ ಸ್ವಚ್ಛತೆ. ಶನಿವಾರ ಊಟದ ಕೋಣೆಯಲ್ಲಿ ಹೆಂಗಸರೆಲ್ಲ ರಟ್ಟಿನ ಮೇಲೆ ಮನೆ ಬರೆದು, ಅಂಗಿಯ ಗುಂಡಿಗಳನ್ನೇ ಕಾಯಿ ಮಾಡಿಕೊಂಡು ಕೇಕೆ ಹಾಕುತ್ತಿದ್ದರು. ಮೊಮ್ಮಕ್ಕಳಿದ್ದವರೂ ದಾಳಕ್ಕಾಗಿ ಕೈ ಕೈ ಮಿಲಾಯಿಸುತ್ತಿದ್ದರು.

“ಕಷ್ಟ ಹೇಳ್ಬೇಡಿ, ಹೇಳಿದ್ರೆ ಭಾಷಣ ಆಗುತ್ತೆ,” ಎನ್ನುತ್ತಿದ್ದಳು ಮೇಡಂ. “ಆಡೋರಿಗೇ ಆ ಕಷ್ಟ ಆಗೋ ಹಾಗೆ ನಿಯಮ ಮಾಡಿ.”

ಸ್ವಚ್ಛತೆಯಲ್ಲಿ ಅವರಿಗೆ ಗೊತ್ತಿದ್ದ ಕಷ್ಟ ಒಂದೇ. ನಿಯಮ ತಾನಾಗಿ ಹುಟ್ಟಿತು. ದಾಳ ಹಾಕಿದಾಗಲೆಲ್ಲ ಒಂದು ಲೋಟ ನೀರು ಕುಡಿಯಬೇಕು. ದಾಳದಲ್ಲಿ ರಟ್ಟಿನ ಬಿಲ್ಲೆ ಗೆದ್ದವರು ಎದ್ದು ಹೋಗಿ ಬರಬಹುದು. ಬಿಲ್ಲೆ ಇಲ್ಲದೆ ಎದ್ದವರು ಸೋತರು.

ಮೊದಲ ಸಲ ಆಡಿದಾಗ ಆಟ ಪೂರಾ ಕೆಟ್ಟಿತು. ಬಿಲ್ಲೆ ಗೆದ್ದವಳು ಪಕ್ಕದವಳ ಮುಖ ನೋಡಿ, “ತಗೊಳ್ಳೇ, ನಿಂಗೇ ಅರ್ಜೆಂಟು,” ಎಂದು ಕೊಟ್ಟುಬಿಡುವಳು. ಅವಳು ಬಂದು ಮತ್ತೊಬ್ಬಳಿಗೆ. ಎಲ್ಲರೂ ಹಾಯಾಗಿ ಹೋಗಿ ಬಂದರು, ಒಬ್ಬರೂ ಸೋಲಲಿಲ್ಲ.

ಮೇಡಂ ಹಣೆ ಚಚ್ಚಿಕೊಂಡಳು. “ಅಯ್ಯೋ, ಯಾರಾದ್ರೂ ಒಬ್ರು ಇಲ್ಲ ಅನ್ಬೇಕು ಕಣ್ರೇ! ಇಲ್ದಿದ್ರೆ ಆಟವೇ ಇಲ್ಲ!”

“ಸೂಪರ್‌ವೈಸರ್ ಬೇಕು ಅಂತ ನೆಟ್ಟಗೆ ಹೇಳಿ ಮೇಡಂ,” ಎಂದಳು ನಾದಿನಿ.

ಆ ವೇಷಕ್ಕೆ ಯಾರೂ ಒಪ್ಪಲಿಲ್ಲ. ಕೊನೆಗೆ ಅಕ್ಕನೇ ರಟ್ಟಿನ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡಳು. ಇಲ್ಲ ಎನ್ನಲು ಅವಳ ನಾಲಿಗೆ ಏಳದು, ಅದಕ್ಕೆ ಚೀಟಿಗಳಾದವು. ಬಿಲ್ಲೆ ಕೇಳಿದವರು ಒಂದು ಚೀಟಿ ಎತ್ತಿ ಗಟ್ಟಿಯಾಗಿ ಓದಬೇಕು. ಬಿಲ್ಲೆ ಕೇಳಿದಾಗ ತಾನು ತಿಂದ ಬೈಗುಳವನ್ನು ಒಬ್ಬೊಬ್ಬಳೂ ಹೇಳುತ್ತಿದ್ದರೆ, ಬರೆಯುವ ನಾದಿನಿ ನಕ್ಕು ನಕ್ಕು ಮೇಜಿನ ಕೆಳಗೆ ಜಾರಿದಳು.

ಅಂಗಿ ಕೊಳ್ಳುವ ಕಂಪನಿಯ ಅಧಿಕಾರಿಣಿ ಆಟ ನೋಡಲು ಬಂದ ದಿನ ಸಾಹೇಬರಿಗೆ ಹುರುಪೋ ಹುರುಪು. “ನಾನೇ ಆಡ್ತೀನಿ! ನಾವೆಲ್ಲ ಒಂದೇ ಮನೆಯವರು,” ಎಂದು ಕೋಟು ಬಿಚ್ಚಿ ಕೂತರು. ದಾಳ ಹಾಕಿದರು, ಕುಡಿದರು. ಹಾಕಿದರು, ಕುಡಿದರು. ಹೆಂಗಸರು ಚಪ್ಪಾಳೆ ತಟ್ಟಿ ಲೋಟ ತುಂಬಿಸಿದರು. ಹೂಜಿ ಎರಡು ಸಲ ಖಾಲಿಯಾಯಿತು. ಸಾಹೇಬರ ಮಂಡಿ ಮೇಜಿನಡಿ ತಾಳ ಹಾಕತೊಡಗಿತು.

“ಬಿಲ್ಲೆ ಕೊಡಮ್ಮ.”

ಅಕ್ಕ ಚೀಟಿ ಮುಂದೆ ಹಿಡಿದಳು. ಸಾಹೇಬರು ಓದಿದರು: “ಇದೇನು ನಿಮ್ಮಪ್ಪನ ಮನೆ ಅಂದ್ಕೊಂಡ್ಯಾ?”

ಅಧಿಕಾರಿಣಿ ಬಿದ್ದು ಬಿದ್ದು ನಕ್ಕಳು. ಇನ್ನೊಂದು ಲೋಟ, ಇನ್ನೊಂದು ಚೀಟಿ: “ಒಂದಿನ ತಡ್ಕೊಂಡ್ರೆ ಸತ್ತೋಗ್ತೀಯೇನೇ?” ಈ ಸಲ ಅವಳ ನಗು ಅರ್ಧಕ್ಕೇ ನಿಂತಿತು.

“ಇದನ್ನ ಬರೆದೋರು ಯಾರು?”

“ಬರೆದೋರು ನಾವು,” ಎಂದಳು ನಾದಿನಿ. “ಅಂದೋರು ಬಾಗಿಲ ಹತ್ರ ನಿಂತಿದ್ದಾರೆ.”

ಸೂಪರ್‌ವೈಸರ್ ಗೋಡೆಯೊಳಗೆ ಇಳಿದುಹೋಗುವವನಂತೆ ಒರಗಿಕೊಂಡ. ಸಾಹೇಬರಿಗೆ ಅದರ ಕಡೆ ಗಮನವೇ ಇರಲಿಲ್ಲ, ಹಣೆಯಲ್ಲಿ ಬೆವರು. “ಸಾಕಮ್ಮ, ಕೊಡು.”

ಅಕ್ಕನ ಕೈ ತಾನಾಗಿ ಕೊರಳಿಗೆ ಹೋಯಿತು. ಪಾಪ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಆಮೇಲೆ ಕೈ ಕೆಳಗಿಳಿಯಿತು.

“ದಾಳ ಹಾಕಿ ಸಾಹೇಬ್ರೆ.”

“ಏ, ಇದು ಬರೀ ಆಟ ಕಣೇ!”

“ಹೌದಾ ಸಾಹೇಬ್ರೆ? ನಮಗೆ ಇಷ್ಟು ದಿನ ಯಾರೂ ಹೇಳೇ ಇಲ್ಲ.”

ಕುರ್ಚಿ ಉರುಳಿತು. ಸಾಹೇಬರು ಓಡಿದರು. ಅವರ ಸ್ವಂತ ಕಕ್ಕಸು ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವ ಧೈರ್ಯವಾಗದೆ ಹೆಂಗಸರ ಕಕ್ಕಸಿಗೇ ನುಗ್ಗಿದರು. “ಸೋತ್ರು! ಸಾಹೇಬ್ರು ಸೋತ್ರು!” ಎಂದು ಕೋಣೆ ಹಾರಿಹೋಗುವ ಹಾಗೆ ಗಲಾಟೆ ಎದ್ದಿತು. ಮೇಡಂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ಹೆದರಿಕೆಯೂ ಇತ್ತು.

ಸೂಪರ್‌ವೈಸರ್ ಅಕ್ಕನ ಹತ್ತಿರ ಬಂದು ಹಲ್ಲು ಕಡಿದ. “ಬಾರೇ ನೀನು ನಾಳೆ. ಗೇಟಿನೊಳಗೆ ಹೇಗೆ ಕಾಲಿಡ್ತೀಯೋ ನೋಡ್ತೀನಿ.”

ಕೆಲಸ ಹೋಯಿತೆಂದೇ ಅಕ್ಕ ಅಂದುಕೊಂಡಳು. ಆದರೂ ಉಕ್ಕುತ್ತಿದ್ದ ನಗು ನಿಲ್ಲಲಿಲ್ಲ. ಮೇಜಿನ ಮೇಲಿದ್ದ ಹೂಜಿಯನ್ನು ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿದಳು. ಗದ್ದದಿಂದ ನೀರು ಇಳಿದು ರವಿಕೆ ತೊಯ್ದಿತು. ಅದೆಷ್ಟು ದಿನವಾಗಿತ್ತು ಹೀಗೆ ಕುಡಿದು! ಹೂಜಿ ಕೆಳಗಿಟ್ಟು, ಯಾರನ್ನೂ ಕೇಳದೆ ಕಕ್ಕಸಿನ ಕಡೆ ನಡೆದಳು. ಹಿಂದೆ ನಾದಿನಿ. ಅವಳ ಹಿಂದೆ ಕಾಲರಿನವರು, ತೋಳಿನವರು, ಇಸ್ತ್ರಿಯವರು. ಸಾಲು ಬೆಳೆದು ಕೊನೆಯವಳು ನಿಂತದ್ದು ಅಂಗಳದಲ್ಲಿ.

ಒಳಗೆ ಇನ್ನೂ ಧಾರೆ ಬೀಳುವ ಸದ್ದು. ಅಕ್ಕ ಅಂಗೈಯಿಂದ ಬಾಗಿಲು ಬಡಿದಳು.

“ಬೇಗ ಬನ್ನಿ ಸಾಹೇಬ್ರೆ. ನಾವೆಲ್ಲಾ ಬಂದಿದ್ದೀವಿ.”