ಕಿಟಕಿಯ ಕೆಳಪಟ್ಟಿ

ಕಿಟಕಿಗೆ ಮೋಟಾರು ಕೂರಿಸಲು ಬಂದವನು ಕೇಳಿದ ಮೊದಲ ಪ್ರಶ್ನೆಯೇ ಸರಿಯಾದ ಪ್ರಶ್ನೆ. "ಈ ಕಿಟಕಿ ಬಾಗಿಲಿನ ಮರ ಗಟ್ಟಿ ಇದೆಯಾ?" ಆದರೆ ಕೇಳಿದ್ದು ಯಾರನ್ನು? ಮನೆಯ ಅಳಿಯನನ್ನು! ಹುಟ್ಟಿದಾಗಿನಿಂದ ಒಂದು ಮೊಳೆ ನೆಟ್ಟಗೆ ಹೊಡೆದವನಲ್ಲ ಆ ಪುಣ್ಯಾತ್ಮ.

"ಗಟ್ಟಿನಾ ಅಂತ ಕೇಳ್ತೀರಲ್ಲ! ನಮ್ಮ ಮಾವ ಕೈಯಾರೆ ಮಾಡಿದ್ದು ಸ್ವಾಮಿ. ಮೂಲೆ ಅಳೆಯೋ ಮೂಲೆಮಟ್ಟ ಇದೆಯಲ್ಲ, ಊರೆಲ್ಲ ಇವರನ್ನ ಅದೇ ಹೆಸರಿಂದ ಕರೆಯೋದು. ಕೂದಲೆಳೆಯಷ್ಟು ಸೊಟ್ಟ ಇದ್ರೂ ಕಿತ್ತು ಬಿಸಾಕೋ ಬಡಗಿ."

ಮೂಲೆಮಟ್ಟ ಮಂಚದ ಮೇಲೆ ಮಲಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಏಳು ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತುಹೋಗಿತ್ತು. ಬಾಯಿ ಬಿಟ್ಟರೆ "ಬಾ... ಬಾ..." ಅಷ್ಟೇ. ಎಡಗೈಗೆ ಪೆನ್ಸಿಲ್ ಕೊಟ್ಟರೆ ಗೀಚು ಬರುತ್ತಿತ್ತೇ ಹೊರತು ಅಕ್ಷರ ಬರುತ್ತಿರಲಿಲ್ಲ. ಕಿವಿ, ಬುದ್ಧಿ ಮಾತ್ರ ಮೊದಲಿನ ಹಾಗೇ ಇದ್ದವು, ಅದೇ ಗ್ರಹಚಾರ.

ಕಿಟಕಿ ಇದ್ದದ್ದು ಗೋಡೆಯ ಮೇಲ್ಭಾಗದಲ್ಲಿ, ಕೈಗೆ ಎಟುಕದಷ್ಟು ಎತ್ತರಕ್ಕೆ. ಮೇಲುಗಡೆ ಕೀಲು, ಕೆಳಗಿನಿಂದ ಹೊರಕ್ಕೆ ತೆರೆದುಕೊಳ್ಳುವ ಒಂದೇ ದೊಡ್ಡ ಗಾಜಿನ ಬಾಗಿಲು. ಅದರ ನೇರ ಕೆಳಗೆ ಹೆಂಡತಿಯ ಹೊಲಿಗೆ ಯಂತ್ರ. ದಿನಾ ಬೆಳಿಗ್ಗೆ ಕೋಲಿನಿಂದ ತಳ್ಳಿ ತೆರೆಯುತ್ತಿದ್ದವನು ಅವನೇ. ಅವನು ಹಾಸಿಗೆ ಹಿಡಿದ ಮೇಲೆ, ಆ ಭಾರದ ಬಾಗಿಲು ಹೆಂಡತಿಯ ಕೈಗೆ ಬಗ್ಗದೆ, ಕಿಟಕಿ ಮುಚ್ಚಿಯೇ ಇತ್ತು. ಔಷಧಿಯ ವಾಸನೆ, ಬಟ್ಟೆಯ ಧೂಳು. ಅವಳು ಹೊಲಿಯುತ್ತ ಕೂತರೆ ಬೆವರಿ ನೀರಾಗುತ್ತಿದ್ದಳು. ಗುಂಡಿ ಒತ್ತಿದರೆ ಕಿಟಕಿ ತೆರೆಯುವ ಮೋಟಾರು ಸಿಗುತ್ತದೆ ಅಂತ ಅಳಿಯ ಎಲ್ಲೋ ನೋಡಿಕೊಂಡು ಬಂದಿದ್ದ.

ಅಸಲು ಸಂಗತಿ ಮೂಲೆಮಟ್ಟನೊಬ್ಬನಿಗೇ ಗೊತ್ತು. ಆ ಬಾಗಿಲಿನ ಕೆಳಪಟ್ಟಿ ಹೆಸರಿಗಷ್ಟೇ ಮರ. ಇಪ್ಪತ್ತೆರಡು ವರ್ಷದ ಹಿಂದೆ, ಮನೆ ಮುಗಿಸುವ ಅವಸರದಲ್ಲಿ, ಹುಳ ತಿಂದ ತುಂಡು ಕೈಗೆ ಸಿಕ್ಕಿತ್ತು. ಕೆಟ್ಟದ್ದನ್ನು ಕೆತ್ತಿ ತೆಗೆದು, ಗರಗಸದ ಹೊಟ್ಟನ್ನು ಅಂಟಿನಲ್ಲಿ ಕಲೆಸಿ ಮೆತ್ತಿ, ಉಜ್ಜಿ, ಬಣ್ಣ ಬಳಿದುಬಿಟ್ಟ. "ಇನ್ನು ನೂರು ವರ್ಷ ಇದು ಅಲ್ಲಾಡಲ್ಲ ಕಣೇ" ಅಂತ ಹೆಂಡತಿಗೆ ಹೇಳಿಯೂ ಬಿಟ್ಟ. ಮುಂದಿನ ವರ್ಷ ಬದಲಾಯಿಸಿದರಾಯಿತು ಅಂದುಕೊಂಡವನು ವರ್ಷ ವರ್ಷ ಬದಲಾಯಿಸಿದ್ದು ಬಣ್ಣವನ್ನು ಮಾತ್ರ. ಊರಿಗೆಲ್ಲ ಮೂಲೆಮಟ್ಟ, ಕಟ್ಟಿಕೊಂಡವಳ ಕಣ್ಣಿಗೆ ಮಣ್ಣು! ಎಷ್ಟು ಮೆಲ್ಲಗೆ ತಳ್ಳಬೇಕು ಅಂತ ಅವನ ಕೈಗೆ ಗೊತ್ತಿತ್ತು. ಗಾಳಿ ಎದ್ದರೆ ಎಲ್ಲಿದ್ದರೂ ಓಡಿ ಬಂದು ಮುಚ್ಚುತ್ತಿದ್ದ. ಮೋಟಾರಿಗೆ ಅದೆಲ್ಲ ಏನು ಗೊತ್ತು? ಅದರ ಸ್ಕ್ರೂ ಕಿತ್ತುಬರುವ ದಿನ ಬಾಗಿಲು ರಪ್ಪನೆ ಬಡಿದು, ಗಾಜೆಲ್ಲ ಅವಳ ನೆತ್ತಿಯ ಮೇಲೆ ಬೀಳುತ್ತದೆ.

ಮೋಟಾರಿನವನು ಪುಸ್ತಿಕೆಯನ್ನು ಮಂಚದ ಮೇಲೇ ಬಿಚ್ಚಿದ. "ಎರಡು ಥರ ಇದೆ. ಇದು ಚೈನಿಂದು, ಮೆತ್ತಗೆ ತಳ್ಳತ್ತೆ, ಒಂದು ಗೇಣು ತೆರೆಯತ್ತೆ. ಇದು ಕಬ್ಬಿಣದ ದಂಡದ್ದು, ಅರವತ್ತು ಕೇಜಿ ಭಾರ ನೂಕತ್ತೆ, ಅಷ್ಟೇ ಜೋರಾಗಿ ಎಳೆದು ಮುಚ್ಚತ್ತೆ. ನಿಮಗೆ ಚೈನಿಂದೇ ಸಾಕು. ಯಾವುದಾದ್ರೂ ಕೆಳಪಟ್ಟಿಗೇ ಕೂರಿಸೋದು."

ಕೆಳಪಟ್ಟಿ ಅಂದದ್ದೇ ತಡ, ಮೂಲೆಮಟ್ಟ ಎಡಗೈ ಎತ್ತಿ ಆ ಚೈನಿನ ಚಿತ್ರದ ಮೇಲೆ ಬಡಿದ. "ಬಾ! ಬಾ!"

"ಏನ್ರೀ, ಇದು ಬೇಡ್ವಾ?" ಹೆಂಡತಿ ಬಗ್ಗಿ ಕೇಳಿದಳು.

ಬೇಡ, ಬೇಡ ಅಂತ ತಲೆಯಾಡಿಸಿದ.

"ನೋಡಿದ್ರಾ, ಮಾವನಿಗೆ ಚಿಕ್ಕದು ಹಿಡಿಸಲಿಲ್ಲ!" ಅಳಿಯನಿಗೆ ಖುಷಿಯೋ ಖುಷಿ. "ದಂಡದ್ದೇ ಹಾಕಿ."

ಮೂಲೆಮಟ್ಟ ತಲೆಯನ್ನು ದಿಂಬಿಗೆ ಹಾಕಿ ಉರುಳಿಸಿದ. ಬಾಯಿಂದ ಜೊಲ್ಲು ಇಳಿಯಿತು. ಅವಳು ಸೆರಗಿನಿಂದ ಒರೆಸುತ್ತ, ಮುಖ ನೋಡುತ್ತ, ಮೆಲ್ಲಗೆ ಕೇಳಿದಳು. "ಕಿಟಕಿನೇ ಮುಟ್ಟಬಾರದಾ?"

ಅಬ್ಬಾ, ಸಿಕ್ಕಿತು! ಹೌದು ಅಂತ ಅವಳ ಮುಂಗೈ ಹಿಡಿದು ಗಟ್ಟಿಯಾಗಿ ಅಮುಕಿದ.

ಅವಳು ನಕ್ಕುಬಿಟ್ಟಳು. "ಗೊತ್ತು ಬಿಡಿ. ನೀವು ಮಾಡಿದ್ದಕ್ಕೆ ಬೇರೆಯವರು ಕೈ ಹಾಕಿದ್ರೆ ಯಾವತ್ತು ಸಹಿಸಿದ್ದೀರಿ? ಎರಡು ಸ್ಕ್ರೂ ತಾನೇ. ಹಟ ಮಾಡಬೇಡಿ, ನನಗೂ ಉಸಿರಾಡಬೇಕು."

ಇದಕ್ಕೆ ಅವನು ಏನು ಮಾಡಿಯಾನು? ಹೌದು, ಅಲ್ಲ ಅನ್ನುವ ಎರಡು ಮಾತಿನಲ್ಲಿ ಇಪ್ಪತ್ತೆರಡು ವರ್ಷದ ಸುಳ್ಳನ್ನು ಬಿಚ್ಚಿ ಹೇಳಿ ಮುಗಿಯುತ್ತದೆಯೇ?

ಮರುದಿನವೇ ದಂಡದ ಮೋಟಾರು ಬಂತು. ಮೋಟಾರಿನವನು ಏಣಿ ಹತ್ತಿ ಪಟ್ಟಿಗೆ ತೂತು ಕೊರೆದ. ಮಂಚದಿಂದಲೇ ಮೂಲೆಮಟ್ಟನಿಗೆ ಕಂಡಿತು: ಗಟ್ಟಿ ಮರ ಕೊರೆದರೆ ಬರುವ ಸುರುಳಿ ಬರಲಿಲ್ಲ, ಹಿಟ್ಟು ಉದುರಿತು. ನೋಡೋ ಮಾರಾಯಾ, ಅಲ್ಲೇ ನೋಡು! ಅವನು ಉಫ್ ಅಂತ ಊದಿ, ಸ್ಕ್ರೂ ತಿರುಗಿಸಿದ.

"ಎಷ್ಟು ಸಲೀಸಾಗಿ ಹೋಯ್ತಮ್ಮ! ಇಂಥ ಕೆಲಸ ಈಗ ಯಾರು ಮಾಡ್ತಾರೆ?"

ಮೂಲೆಮಟ್ಟನ ಕಣ್ಣಿಂದ ನೀರು ಕಿವಿಯವರೆಗೆ ಇಳಿಯಿತು. ಅತ್ತೆ ಅಳಿಯ ಇಬ್ಬರೂ ಮುಖ ಮುಖ ನೋಡಿಕೊಂಡು ತಲೆದೂಗಿದರು.

ರಿಮೋಟನ್ನು ಹೆಂಡತಿ ಅವನ ಎಡಗೈಯಲ್ಲೇ ಇಟ್ಟಳು. "ನಿಮ್ಮ ಕಿಟಕಿ, ನೀವೇ ಮೊದಲು ಒತ್ತಬೇಕು." ಅವನು ಒತ್ತಲಿಲ್ಲ. ಹೆಬ್ಬೆರಳನ್ನು ಮಡಚಿ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡ. ಪಾಪ, ಬೆರಳಿನಲ್ಲಿ ಶಕ್ತಿ ಇಲ್ಲ ಅಂದುಕೊಂಡು ಅವಳೇ ಅದನ್ನು ಬಿಡಿಸಿ, ಗುಂಡಿಯ ಮೇಲಿಟ್ಟು, ಮೇಲಿಂದ ತನ್ನ ಬೆರಳಿಟ್ಟು ಒತ್ತಿದಳು. ಗುಂಯ್ ಅಂತ ಕಿಟಕಿ ತೆರೆಯಿತು. ಏಳು ತಿಂಗಳ ಮೇಲೆ ಗಾಳಿ ಒಳಗೆ ಬಂತು. ಕಳೆದುಹೋದೀತು ಅಂತ ಅವಳು ರಿಮೋಟನ್ನು ಹೊಲಿಗೆ ಯಂತ್ರದ ಮೇಲಿಟ್ಟುಕೊಂಡು ಕೆಲಸಕ್ಕೆ ಕೂತಳು.

ಈಗ ಮನೆಗೆ ಬಂದವರಿಗೆಲ್ಲ ಅವಳು ಹೆಮ್ಮೆಯಿಂದ ಹೇಳುತ್ತಾಳೆ. "ನಾನು ಹೊಲಿಯೋಕೆ ಕೂತ್ರೆ ಸಾಕು, ಇವರು ಕಿಟಕಿಯಿಂದ ಕಣ್ಣು ಕೀಳಲ್ಲ ನೋಡಿ. ನಾನು ಏಳೋವರೆಗೂ ನಿದ್ದೆನೂ ಮಾಡಲ್ಲ. ತಾವು ಮಾಡಿದ್ದು ಅಂದ್ರೆ ಅಷ್ಟು ಅಭಿಮಾನ."