ನಾಲ್ಕರ ಬಾಲ

ಶನಿವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಗಡಿಯಾರ ರಿಪೇರಿಯವನು ಪಕ್ಕದ ಕನ್ನಡಕದ ಅಂಗಡಿಗೆ ಹೋಗಿ ಎರಡು ಕುರ್ಚಿ ಕೇಳಿದ. ಹತ್ತೊಂಬತ್ತು ವರ್ಷಗಳಲ್ಲಿ ಅವನು ಆ ಅಂಗಡಿಯಿಂದ ಒಂದು ಗುಂಡುಸೂಜಿಯನ್ನೂ ಕೇಳಿ ತಂದವನಲ್ಲ. ಅವನ ಅಂಗಡಿಯೆಂದರೆ ಮಾರುಕಟ್ಟೆ ಕಟ್ಟಡದ ಮೆಟ್ಟಿಲ ಕೆಳಗಿನ ಆರಡಿ ಅಗಲದ ಗೂಡು. ಅಲ್ಲಿದ್ದದ್ದು ಒಂದೇ ಕುರ್ಚಿ. ಅದು ಸಾಕಾಗಿತ್ತು.

ಎರಡು ಯಾಕೆ ಎಂದು ಕನ್ನಡಕದವರು ಕೇಳಿದರು. ಮಗಳು ಬರುತ್ತಾಳೆ ಎಂದ. ಮಗಳಿಗೊಂದು ಸರಿ, ಇನ್ನೊಂದು ಯಾರಿಗೆ ಎಂದರು. "ಜೊತೆಗೆ ಒಬ್ಬ ಬರ್ತಿದ್ದಾನೆ. ಇಶ್ ಅಂತ ಹೆಸರು" ಎಂದ.

ಮಗಳ ಸಂದೇಶ ಬಂದದ್ದು ಮಂಗಳವಾರ. ಒಂಬತ್ತು ವರ್ಷಗಳಲ್ಲಿ ಬಂದ ಮೊದಲ ಸಂದೇಶ. "ಶನಿವಾರ ಅಂಗಡಿಗೆ ಬರ್ತೀನಿ" ಎಂದು ಬರೆದು, ಮುಂದೆ ನಾಲ್ಕರ ಅಂಕಿ ಹಾಕಿ, ಸ್ವಲ್ಪ ಜಾಗ ಬಿಟ್ಟು, ಐ, ಎಸ್, ಎಚ್ ಎಂಬ ಮೂರು ಇಂಗ್ಲಿಷ್ ಅಕ್ಷರ ಒತ್ತಿದ್ದಳು. ಅವನಿಗೆ ಇಂಗ್ಲಿಷ್ ಗೊತ್ತಿದ್ದದ್ದು ಡಯಲಿನ ಮೇಲೆ ಹಿಡಿಸುವಷ್ಟು. ನಾಲ್ಕು ಗಂಟೆಗೆ, ಇಶ್ ಜೊತೆ, ಎಂದು ಓದಿಕೊಂಡ. ಇಪ್ಪತ್ತಮೂರು ವರ್ಷದ ಹುಡುಗಿ ಅಪ್ಪನ ಹತ್ತಿರ ಯಾರನ್ನು ಕರೆತರುತ್ತಾಳೆ ಎನ್ನುವುದು ಬಿಡಿಸಿ ಹೇಳಬೇಕಾದ ಮಾತಲ್ಲ. ಬುಧವಾರ ಕ್ಷೌರ ಮಾಡಿಸಿಕೊಂಡ. ಗುರುವಾರ ಡ್ರಾಯರಿನಲ್ಲಿ ಬಹಳ ಕಾಲದಿಂದ ಬಿದ್ದಿದ್ದ ಒಂದು ಗಂಡಸರ ವಾಚು ತೆಗೆದು, ಬಿಚ್ಚಿ, ತೊಳೆದು, ಎಣ್ಣೆ ಕೊಟ್ಟು, ಹೊಸ ಪಟ್ಟಿ ಹಾಕಿದ. ಅಳಿಯನಾಗುವವನಿಗೆ ಬರಿಗೈ ತೋರಿಸುವುದು ಹೇಗೆ. ಶುಕ್ರವಾರ ಊಟಕ್ಕೆ ಕೂತಾಗ ಇಶ್ ಮಿತಭಾಷಿ ಇರಬಹುದು ಎಂದುಕೊಂಡ. ಹಾಗಿದ್ದರೆ ತಮ್ಮಿಬ್ಬರಿಗೂ ಹೊಂದುತ್ತದೆ.

ಕನ್ನಡಕದವರು ಫೋನು ಇಸಿದುಕೊಂಡು ನೋಡಿದರು. ನಗು ತಡೆದುಕೊಳ್ಳಲು ಎದುರಿನ ಗಾಜು ಒರೆಸಿದರು.

"ಇದು ಮನುಷ್ಯ ಅಲ್ಲ ಕಣ್ರೀ, ಸೆಕೆಂಡ್ ಮುಳ್ಳು. ಬಾಲ."

ಸೆಕೆಂಡ್ ಮುಳ್ಳು ಎಂದರೆ ಇವನೇ. ಇಡೀ ಕಟ್ಟಡ ಅವನನ್ನು ಕರೆಯುತ್ತಿದ್ದದ್ದೇ ಹಾಗೆ.

ಕನ್ನಡಕದವರು ಬಣ್ಣದ ಗಾಜಿನ ಪೆಟ್ಟಿಗೆ ತೆಗೆದು ಒಂದೊಂದೇ ತೋರಿಸಿದರು. ಹಸಿರಿಗೆ ಇಶ್ ಹಚ್ಚಿದರೆ ಅದು ಹಸಿರಲ್ಲ, ಹಸಿರಿನ ಥರ. ಕಂದು ಬಣ್ಣಕ್ಕೆ ಹಚ್ಚಿದರೆ ಕಂದಿನ ಛಾಯೆ. ಮಗು ಎನ್ನುವ ಪದಕ್ಕೆ ಹಚ್ಚಿದರೆ ದೊಡ್ಡವರ ಹುಡುಗಾಟಿಕೆ. ಅಲ್ಲಿ ಅದು ಬೈಗುಳ. ಒಂದು ದೇಶದವರ ಹೆಸರಿನ ಕೊನೆಗೆ ಬಂದರೆ ಅವರದು ಎಂದು ಅರ್ಥ. ಅಂಕಿಗೆ ಹಚ್ಚಿದರೆ ಹೆಚ್ಚು ಕಮ್ಮಿ. "ನನಗೆ ಈಗ ಐವತ್ತು ಇಶ್" ಎಂದರು. ಅವರಿಗೆ ಆರು ವರ್ಷದಿಂದ ಐವತ್ತೇ ಆಗಿತ್ತು.

"ಇಂಗ್ಲಿಷ್ ಅನ್ನೋದರ ಕೊನೇಲೂ ಅದೇ ಇದೆಯಲ್ಲ. ಹಾಗಾದ್ರೆ ಅದೂ ಸುಮಾರಾ?"

"ನನ್ನದಂತೂ ಸುಮಾರೇ."

ಅವನು ನಗಲಿಲ್ಲ. "ಎಷ್ಟು ನಿಮಿಷ?" ಎಂದ.

"ಏನು ಎಷ್ಟು?"

"ಇಶ್. ನಾಲ್ಕಾದ ಮೇಲೆ ಎಷ್ಟು ನಿಮಿಷದ ತನಕ ಅದು ಇಶ್?"

"ಅಳತೆ ಇದ್ದಿದ್ರೆ ಆ ಬಾಲ ಯಾಕೆ ಹಚ್ತಿದ್ಲು? ನಾವು ನಾಲ್ಕುಗೀಲ್ಕು ಅಂತೀವಲ್ಲ, ಹಾಗೆ. ಗೀಲ್ಕು ಎಷ್ಟು ಅಂತ ಯಾರಾದ್ರೂ ಕೇಳ್ತಾರೇನ್ರೀ?"

ಅವನು ಒಂದೇ ಕುರ್ಚಿ ಎತ್ತಿಕೊಂಡು ವಾಪಸು ಬಂದ. ಮೇಜಿನ ಮೇಲಿನ ಮೂರು ಲೋಟಗಳಲ್ಲಿ ಒಂದನ್ನು ಒಳಗಿಟ್ಟ. ಹೊಸ ಪಟ್ಟಿಯ ವಾಚನ್ನು ಡ್ರಾಯರಿಗೆ ಹಾಕುವ ಮುಂಚೆ, ನಡೆಯುತ್ತಿದೆಯೇ ಎಂದು ಒಮ್ಮೆ ಕಿವಿಗಿಟ್ಟು ನೋಡಿದ. ನಡೆಯುತ್ತಿತ್ತು. ನಾಲ್ಕು ದಿನ ಇದ್ದು ಹೋದ ಅಳಿಯನಿಗಾಗಿ ಮನಸ್ಸು ಪಿಚ್ಚೆಂದಿತು. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಒಂಬತ್ತು ವರ್ಷದ ಹಿಂದೆಯೂ ಶನಿವಾರ, ನಾಲ್ಕು ಗಂಟೆ. ಹೆಂಡತಿ ಬೇರೆಯಾದ ಮೇಲೆ ಮಗಳನ್ನು ವಾರಕ್ಕೊಮ್ಮೆ ಉದ್ಯಾನದ ಗೇಟಿನ ಹತ್ತಿರ ನೋಡುವುದೆಂದು ಮಾತಾಗಿತ್ತು. ಯಾರಿಗೇ ಆಗಲಿ ಹತ್ತು ನಿಮಿಷ ಕಾಯುವುದು ಅವನ ನಿಯಮ. ಆ ದಿನ ಹತ್ತು ನಿಮಿಷ ಕಾದು ಎದ್ದು ಹೋದ. ತಾಯಿ ಮಗಳು ಬಂದದ್ದು ನಾಲ್ಕೂ ಹನ್ನೆರಡಕ್ಕೆ. ಅಪ್ಪ ಕೊಟ್ಟ ವಾಚು ಕಟ್ಟಿಕೊಳ್ಳುವುದು ಮರೆತೆ ಎಂದು ಹುಡುಗಿ ಅರ್ಧ ದಾರಿಯಿಂದ ಮನೆಗೆ ಓಡಿದ್ದಳಂತೆ. ಇದು ಅವನಿಗೆ ತಿಳಿದದ್ದು ಹೆಂಡತಿ ಬರೆದ ಕಾಗದದಿಂದ. ಅದೇ ಕಾಗದದ ಕೊನೆಯಲ್ಲಿ, ಇನ್ನು ಅವಳು ಬರುವುದಿಲ್ಲವಂತೆ ಎಂದೂ ಇತ್ತು.

ನಾಲ್ಕು ಗಂಟೆಗೆ ಯಾರೂ ಬರಲಿಲ್ಲ. ನಾಲ್ಕೂ ಹತ್ತಕ್ಕೆ ಅವನ ಕೈ ತಾನಾಗಿ ಶಟರಿನ ಕಡೆ ಹೋಯಿತು. ಅದನ್ನು ಹಿಂದಕ್ಕೆ ತಂದು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಕೀಲಿ ಕೊಡುವ ವಾಚು ದಿನಕ್ಕೆ ಹತ್ತು ಸೆಕೆಂಡು ಆಚೀಚೆಯಾದರೆ ಅದು ಕೆಟ್ಟಿದೆ ಎಂದಲ್ಲ ಎಂದು ಗಿರಾಕಿಗಳಿಗೆ ಅವನೇ ಹೇಳುತ್ತಿದ್ದ. ದಿನಕ್ಕೆ ಹತ್ತರಂತೆ ಒಂಬತ್ತು ವರ್ಷಕ್ಕೆ ಎಷ್ಟಾಗುತ್ತದೆ ಎಂದು ಮನಸ್ಸಿನಲ್ಲೇ ಗುಣಿಸಿದ. ಒಂಬತ್ತು ಗಂಟೆಗಿಂತ ತುಸು ಹೆಚ್ಚು. ಗುಣಾಕಾರ ಸರಿಯಾಗಿತ್ತು, ಅದರಿಂದ ಏನೂ ಸಮಾಧಾನವಾಗಲಿಲ್ಲ.

ಐದಕ್ಕೆ ಕನ್ನಡಕದವರು ಅಂಗಡಿ ಮುಚ್ಚಿದರು. ಕುರ್ಚಿ ಸೋಮವಾರ ಕೊಟ್ಟರಾಯಿತು ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, ಒಂದು ಫೋನ್ ಮಾಡಿ ಕೇಳಬಾರದೇ ಎಂದರು.

"ಎಲ್ಲಿದ್ದೀಯ ಅಂತ ಕೇಳಿದ್ರೆ, ಎಷ್ಟು ಹೊತ್ತಾಯ್ತು ಅಂತ ಕೇಳಿದ ಹಾಗಾಗತ್ತೆ" ಎಂದ.

ಅವರು ಹೋದರು. ಕಟ್ಟಡದ ಒಂದೊಂದೇ ಶಟರು ಇಳಿಯಿತು. ಗೂಡಿನ ಗೋಡೆಯಲ್ಲಿದ್ದ ಹದಿನೇಳು ಗಡಿಯಾರಗಳಲ್ಲಿ ಹನ್ನೊಂದು ನಡೆಯುತ್ತಿದ್ದವು. ಗದ್ದಲವಿದ್ದಾಗ ಕೇಳದ ಸದ್ದು ಈಗ ಪ್ರತ್ಯೇಕ ಪ್ರತ್ಯೇಕವಾಗಿ ಕೇಳತೊಡಗಿತು. ಫ್ಲಾಸ್ಕಿನ ಚಹಾ ಬಿಸಿಯಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿದ. ಫ್ಲಾಸ್ಕಿನ ಹೊರಮೈ ಮುಟ್ಟಿದರೆ ಅದು ಗೊತ್ತಾಗುವುದಿಲ್ಲ ಎಂಬುದು ಅವನಿಗೆ ತಿಳಿದೇ ಇತ್ತು.

ಶನಿವಾರ ಆರು ಗಂಟೆಗೆ ಕಟ್ಟಡದ ಗೇಟಿಗೆ ಬೀಗ. ಕಾವಲುಗಾರ ಕೀಲಿಗೊಂಚಲು ಹಿಡಿದು ಬಂದಾಗ ಅವನು ತಕರಾರು ಮಾಡಲಿಲ್ಲ. ಅಂಗಡಿ ಮುಚ್ಚಿ, ಎರಡೂ ಕುರ್ಚಿಗಳನ್ನು ಗೇಟಿನಾಚೆಯ ಕಾಲುದಾರಿಗೆ ಸಾಗಿಸಿ, ಬಸ್ ನಿಲ್ದಾಣ ಕಾಣುವ ಹಾಗೆ ಹಾಕಿ, ಫ್ಲಾಸ್ಕು ಮತ್ತು ಎರಡು ಲೋಟ ನಡುವೆ ಇಟ್ಟುಕೊಂಡು ಕೂತ.

"ಯಾರಾದ್ರೂ ಬರೋದಿದೆಯಾ ಯಜಮಾನ್ರೇ?" ಎಂದ ಕಾವಲುಗಾರ.

"ಮಗಳು."

"ಎಷ್ಟು ಗಂಟೆಗಂತೆ?"

"ನಾಲ್ಕುಗೀಲ್ಕು."

ಕಾವಲುಗಾರನ ಕೈಯಲ್ಲಿದ್ದದ್ದು ಹೋದ ತಿಂಗಳು ಇವನೇ ರಿಪೇರಿ ಮಾಡಿದ ವಾಚು. ಅವನು ಅದನ್ನು ನೋಡಿ, ಒಮ್ಮೆ ಅಲ್ಲಾಡಿಸಿ, ಕಿವಿಗಿಟ್ಟುಕೊಂಡ.

ಆರೂ ಇಪ್ಪತ್ತಾರಕ್ಕೆ ಒಂದು ಬಸ್ಸು ನಿಂತಿತು. ಇಳಿದ ನಾಲ್ವರಲ್ಲಿ ಆಕೆ ಇರಲಿಲ್ಲ. ಅದರ ನಂತರದ ಬಸ್ಸಿನಲ್ಲಿದ್ದಳು.